ಬಾಗಳಿಯ ಬ್ಯಾಂಡೇಜ್ ಕಳ್ಳ

"ಮೂರನೇ ಬ್ಯಾಂಡೇಜೂ ಕಳುವಾತು ನೋಡ್ರಿ ಸಿಸ್ಟರ್," ಎನ್ನುತ್ತಾ ಬಾಗಳಿಯ ಕೊಟ್ರಬಸಮ್ಮ ನಾಗಲಿಂಗಮ್ಮನ ಮನೆಯ ಹೊಸ್ತಿಲಲ್ಲೇ ಕುಸಿದು ಕುಳಿತಳು.

ನಾಗಲಿಂಗಮ್ಮ ಹರಪನಹಳ್ಳಿಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದು ನಿವೃತ್ತರಾದವರು. ಪೊಲೀಸರ ಹತ್ತಿರ ಒಯ್ಯಲಾಗದ ಕಳವು, ತಕರಾರುಗಳೆಲ್ಲ ಅವರ ಮನೆಗೇ ಬರುತ್ತಿದ್ದವು. ಪಕ್ಕದ ಮನೆಯ ಸುಕನ್ಯಾ ಸ್ಕೂಟಿ ಓಡಿಸುತ್ತಾ ಜೊತೆಗಿರುತ್ತಿದ್ದಳು. ಅವಳ ಗಂಡ ಮೆಕ್ಕೆಜೋಳದ ಲಾರಿ ಹತ್ತಿದರೆ ಹದಿನೈದು ದಿನ ಪತ್ತೆಯಿಲ್ಲ. ಖಾಲಿ ಮನೆಯಲ್ಲಿ ಬಾಗಿಲು ಕಾಯುವುದಕ್ಕಿಂತ ಊರವರ ಕಳ್ಳರನ್ನು ಹುಡುಕುವುದೇ ವಾಸಿ ಎನಿಸಿತ್ತು ಅವಳಿಗೆ.

ಕೊಟ್ರಬಸಮ್ಮನ ಹಿರಿಮಗ ಓಬಳೇಶ ಕುರಿ ಮೇಯಿಸುವಾಗ ಪಾದದ ಗಂಟು ಉಳುಕಿ ಮೂರು ವಾರವಾಗಿತ್ತು. ಎಕ್ಸ್‌ರೇಯಲ್ಲಿ ಮೂಳೆ ಗಟ್ಟಿಯಿತ್ತು. ಮೊದಲೆರಡು ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಬೆರಳ ಬುಡದಿಂದ ಮೇಲಕ್ಕೆ ಬ್ಯಾಂಡೇಜ್, ದಿಂಬಿನ ಮೇಲೆ ಕಾಲು. ತಿಕ್ಕಬೇಡಿ, ಬಿಸಿ ಕಾವು ಕೊಡಬೇಡಿ ಎಂದು ನಾಗಲಿಂಗಮ್ಮನೇ ಹೇಳಿಬಂದಿದ್ದರು. ಆದರೂ ಬಾವು ಇಳಿದಿರಲಿಲ್ಲ.

"ಇದು ಸಣ್ಣ ಮಗ ಮೈಲಾರೇಶನ ಕೆಲಸ. ಅಣ್ಣ ಏಳದಿದ್ರ ಕುರಿಯೆಲ್ಲ ಅವನ ಕೈಗೆ ಬರ್ತಾವಲ್ಲ. ಇವತ್ತು ಹಿಂಡು ಪಾಲು ಮಾಡಿ, ಅವನ್ನ ಮನಿಯಿಂದ ಹೊರಗ ಹಾಕ್ತೀನ್ರಿ," ಎಂದಳು ಕೊಟ್ರಬಸಮ್ಮ.

"ಒಂದು ತಾಸು ತಡಿ. ಸುಕನ್ಯಾ, ಗಾಡಿ ತೆಗಿ," ಎಂದರು ನಾಗಲಿಂಗಮ್ಮ. ಮೂವರೂ ಒಂದೇ ಸ್ಕೂಟಿಯಲ್ಲಿ ಹೊರಟರು.

ಓಬಳೇಶ ಮಂಚದ ಮೇಲಿದ್ದ. ನಾಗಲಿಂಗಮ್ಮ ಅವನ ಪಾದವನ್ನು ಮೇಲೆ ಕೆಳಗೆ ನೋಡಿದರು. ಬಾತ ಚರ್ಮದ ಮೇಲೆ ಬ್ಯಾಂಡೇಜಿನ ನೇಯ್ಗೆ ಚಾಪೆಯ ಅಚ್ಚಿನಂತೆ ಇನ್ನೂ ಮೂಡಿತ್ತು. ಅಂಗಾಲಿನ ಬಿರುಕಿನಲ್ಲಿ ಹಸಿರು ಮೆತ್ತಿತ್ತು. ಬಳಿಕ ಹಿತ್ತಿಲಿಗೆ ಹೋಗಿ ಸೊಸೆ ರೇಣುಕಾ ಸಗಣಿ ಸಾರಿಸಿದ ನೆಲ ನೋಡಿ ಬಂದರು. "ಮೈಲಾರೇಶ ಎಲ್ಲದಾನ?"

"ಕೋಳಿ ಕೂಗೋಕ್ಕಿಂತ ಮೊದ್ಲೇ ಕುರಿ ಹಟ್ಟಿಗೆ ಹೋಗ್ಯಾನ್ರಿ," ಎಂದಳು ರೇಣುಕಾ.

ಅವನನ್ನೂ ಕರೆಸಿದರು. ಎಲ್ಲರೂ ಮಂಚದ ಸುತ್ತ ಕೂತ ಮೇಲೆ ನಾಗಲಿಂಗಮ್ಮ, "ಕಳ್ಳರು ಇಲ್ಲೇ ಅದಾರ," ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಂತೆ, ರೇಣುಕಾಳ ಕೈ ಗಂಡನ ಕಾಲಡಿಯ ದಿಂಬಿಗೆ ಹೋಯಿತು. ಸುಕನ್ಯಾ ಅದನ್ನು ಕಂಡಳು.

"ಬ್ಯಾಂಡೇಜಿನ ಗುರುತು ಒಂದೆರಡು ತಾಸಿನ ಮ್ಯಾಲೆ ಇಷ್ಟು ಎದ್ದು ಕಾಣಂಗಿಲ್ಲ. ಅಂದ್ರ ಅದನ್ನ ಬಿಚ್ಚಿದ್ದು ಬೆಳಗಾದ ಮ್ಯಾಲೆ. ಆಗ ಮೈಲಾರೇಶ ಹಟ್ಯಾಗ ಇದ್ದ. ಇನ್ನು, ಮಲಗಿದವನ ಅಂಗಾಲಿಗೆ ಹಸಿ ಸಗಣಿ ಎಲ್ಲಿಂದ ಬಂತು? ಹಿತ್ತಲಾಗ ಕುಂಟು ಹೆಜ್ಜಿ ಅದಾವ. ಓಬಳೇಶ, ಹೆಂಡತಿ ನೀರಿಗೆ ಹೋದಾಗ ನೀನೇ ಬಿಚ್ಚಿಟ್ಟು, ಕಲ್ಲು ಮಣ್ಣು ತುಳಿದು, ಬಾವು ಇಳಿಯದಂಗ ನೋಡ್ಕೊಂಡಿ."

ಓಬಳೇಶ ತಲೆ ತಗ್ಗಿಸಿದ. "ಬಿಚ್ಚಿದ್ದು ನಾನ. ಆದ್ರ ಕದ್ದಿದ್ದು ನಾನಲ್ರಿ. ತಿರುಗಿ ಬಂದ್ರ ಇರ್ತಿರಲಿಲ್ಲ. ಛಲೋ ಆತಂತ ಸುಮ್ಮನಿದ್ದೆ."

ನಾಗಲಿಂಗಮ್ಮ ದಿಂಬಿನ ಹೊಸ ಹೊಲಿಗೆ ಬಿಚ್ಚಿದರು. ಅರಳೆಯ ನಡುವೆ ಮೂರು ಬ್ಯಾಂಡೇಜುಗಳು ಸುರುಳಿಯಾಗಿ ಕೂತಿದ್ದವು.

"ಕಾಲು ವಾಸಿ ಆದ್ರ ಹಂಪಸಾಗರದ ಭತ್ತದ ಗದ್ದಿಗಳಿಗೆ ಹಿಂಡು ಹೊಡ್ಕೊಂಡು ತಿಂಗಳಗಟ್ಲೆ ಹೋಗ್ತಾರ್ರಿ," ರೇಣುಕಾ ನೆಲ ನೋಡುತ್ತಾ ಹೇಳಿದಳು. "ಮದುವಿ ಆಗಿ ಮೂರು ವರ್ಷ. ಜೋಡಿ ಇದ್ದಿದ್ದು ನೂರು ದಿನ ಇಲ್ಲ. ಹೆಂಗಸರು ಹಿಂಡಿನ ಹಿಂದ ಹೋಗೋ ಪದ್ಧತಿ ಈ ಮನ್ಯಾಗಿಲ್ಲ. ಇರ್ರಿ ಅಂತ ಯಾವ ಬಾಯಿಲೆ ಕೇಳ್ಲಿ?"

ಓಬಳೇಶ ಹೆಂಡತಿಯನ್ನು ಹೊಸದಾಗಿ ಕಂಡವನ ಹಾಗೆ ನೋಡಿದ. ಒಂದೇ ಆಸೆಯನ್ನು ಇಬ್ಬರೂ ಒಬ್ಬರಿಗೊಬ್ಬರು ಮುಚ್ಚಿಟ್ಟು ಮೂರು ವಾರ ಕಳೆದಿದ್ದರು. ಸುಕನ್ಯಾಳಿಗೆ ತನ್ನ ಗಂಡನ ನೆನಪಾಯಿತು.

"ಹಿಂಗ ತುಳಿದ್ರ ಗಂಟು ಜೀವಮಾನ ಸಡಿಲ ಉಳಿತೈತಿ," ನಾಗಲಿಂಗಮ್ಮ ಗದರಿದರು. "ಇನ್ನು ಮ್ಯಾಲೆ ನಾ ಹೇಳಿದಷ್ಟೇ ಹೆಜ್ಜಿ."

"ಈ ಸಲ ಹಿಂಡು ನಾ ಒಯ್ತೀನಿ," ಎಂದ ಮೈಲಾರೇಶ. "ಕಾಲು ಗಟ್ಟಿ ಆದಮ್ಯಾಲ ಅಣ್ಣ ಬರಲಿ. ಅತ್ತಿಗೀನೂ ಕರ್ಕೊಂಡು ಬರಲಿ."

ಎಲ್ಲರೂ ಕೊಟ್ರಬಸಮ್ಮನ ಮುಖ ನೋಡಿದರು. ಅವಳು ಕಿರಿಮಗನ ತಲೆ ಸವರಿ, ಒಂದು ಬ್ಯಾಂಡೇಜ್ ಎತ್ತಿಕೊಂಡು ಓಬಳೇಶನ ಬೆರಳ ಬುಡದಿಂದ ಮೇಲಕ್ಕೆ ಸುತ್ತತೊಡಗಿದಳು.

"ಹೋಗುವಾಗ ಕಂಬಳಿ ಎರಡು ಒಯ್ಯಿರಿ," ಎಂದಳು. ಸುತ್ತಿ ಮುಗಿದ ಮೇಲೂ ಕೈ ಮಗನ ಪಾದದ ಮೇಲೇ ಇತ್ತು. "ಹಿಂಡಿನ ಹಿಂದ ತಿರುಗಿದ ನಿಮ್ಮಪ್ಪಗ, ನಾ ಬಾಗಿಲು ಕಾಯ್ದ ಮೂವತ್ತು ವರ್ಷದಾಗ ಒಂದು ಸಲನೂ ಕಾಲು ಉಳುಕಲಿಲ್ಲ."