ಹತ್ತಪ್ಪಾ, ಗಾಡಿ ಬಂತು

"ಮುಂದಿನ ಸ್ಟಾಪಿನಲ್ಲಿ ನಿಮ್ಮ ಬಾಗಿಲು ತೆಗೆದಿಟ್ಟು, 'ಹತ್ತಪ್ಪಾ, ಗಾಡಿ ಬಂತು' ಅಂತ ಒಂದ್ಸಲ ಕರೀರಿ. ಆಮೇಲೆ ವಿಸಿಲ್ ಊದಿ," ಎಂದ ಡ್ರೈವರ್.

"ಯಾರನ್ನ ಕರೀಬೇಕು?" ಹೊಸ ಗಾರ್ಡ್ ಕೇಳಿದ.

"ಯಾರೂ ಇರಲ್ಲ. ಆದ್ರೂ ಕರೀಬೇಕು."

ಜ್ವರದಲ್ಲಿ ಬೇಯುತ್ತಿದ್ದ ಪ್ರಾಯದ ಮಗನನ್ನು ಆಸ್ಪತ್ರೆಗೆ ಒಯ್ಯಲು ಓಡಿಬಂದ ತಾಯಿಯೊಬ್ಬಳನ್ನು, ಹಿಂದೆ ಆ ಸ್ಟಾಪಿನಲ್ಲಿ ಯಾವನೋ ಗಾರ್ಡ್ ಕಂಡೂ ಕಾಣದವನಂತೆ ಬಿಟ್ಟು ಹೋಗಿದ್ದನಂತೆ. ಮಗ ಪ್ಲಾಟ್‌ಫಾರ್ಮಿನ ಮೇಲೇ ಕಣ್ಣು ಮುಚ್ಚಿದ. ಅವಳು ಅವನ ಅಂಗಿ ಹರಿದು ಬೊಂಬೆ ಮಾಡಿಸಿ, ಮಾಟಗಾರನ ಕೈಯಲ್ಲಿ ಸೂಜಿ ಚುಚ್ಚಿಸಿ, ಅಲ್ಲೇ ಮಣ್ಣಿನಲ್ಲಿ ಹೂತಳು. ಕರೆಯದೆ ಹೋಗುವ ಗಾರ್ಡಿನ ಜಾಗ ನನ್ನ ಮಗನದು ಎಂದು ಶಾಪ ಹಾಕಿದಳು.

"ಸತ್ತವನಿಗೆ ಟಿಕೆಟ್ಟೂ ನಾನೇ ಕೊಡ್ಬೇಕೇನು?" ಗಾರ್ಡ್ ನಕ್ಕ. ಡ್ರೈವರ್ ನಗಲಿಲ್ಲ.

ಗಾರ್ಡಿಗೆ ಅಂದು ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಐದು ತಿಂಗಳ ಬಸುರಿ ಹೆಂಡತಿ ಹಾಸಿಗೆ, ಪಾತ್ರೆಗಳೊಂದಿಗೆ ಪಕ್ಕದ ಬೋಗಿಯಲ್ಲೇ ಇದ್ದಳು. ಹೊಸ ಮನೆ ಹೂಡಲು ಹೊರಟಿದ್ದ ಪಯಣ ಅದು.

ಗಾಡಿ ನಿಂತಾಗ ಮುಸ್ಸಂಜೆ. ಒಂದು ತಗಡಿನ ಚಪ್ಪರ, ಒಂದು ಬೆಂಚು, ನರಪಿಳ್ಳೆಯ ಸುಳಿವಿಲ್ಲ. ಬ್ರೇಕಿನ ಕಬ್ಬಿಣದ ವಾಸನೆಯ ಜೊತೆ ಸುಟ್ಟ ಕೂದಲಿನ ಕಮಟು ಮೂಗಿಗೆ ಅಡರಿತು. ಡ್ರೈವರ್ ಕತ್ತು ಹೊರಗೆ ಚಾಚಿ ಇತ್ತಲೇ ನೋಡುತ್ತಿದ್ದ. ಹೆಂಡತಿಯೂ ಕಿಟಕಿಯಿಂದ ನೋಡುತ್ತಿದ್ದಳು. ಅವಳೆದುರು ಖಾಲಿ ಬೆಂಚನ್ನು ಕರೆಯುವುದಕ್ಕೆ ಗಾರ್ಡಿಗೆ ನಾಚಿಕೆಯಾಯಿತು. ವಿಸಿಲ್ ಊದಿ ಹಸಿರು ಬಾವುಟ ಬೀಸಿದ.

ಗಾಡಿ ಕದಲಿತು.

"ರೀ... ನನ್ನ ಬಿಟ್ಟು ಹೋಗ್ತಿದೀರಲ್ಲ."

ಅವನು ಹಿಂದಿರುಗಿ ನೋಡಿದ. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಹೆಂಡತಿ ನಿಂತಿದ್ದಳು. ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಮೇಲಕ್ಕೆ. ಯಾವಾಗ ಇಳಿದಳು? ಬ್ರೇಕ್ ಎಳೆದ. ಗಾಡಿ ನಿಲ್ಲಲಿಲ್ಲ. ಮತ್ತೆ ಎಳೆದ. ಇಲ್ಲ. ಹಿಂದುಮುಂದು ನೋಡದೆ ಧುಮುಕಿದ. ಮಂಡಿ ತರಚಿತು. ಎದ್ದ. ಓಡಿದ.

ತುದಿಯಲ್ಲಿ ಯಾರೂ ಇರಲಿಲ್ಲ.

ತಿರುಗಿದ. ಗಾಡಿ ಇನ್ನೂ ನಿಧಾನವಾಗಿಯೇ ಉರುಳುತ್ತಿತ್ತು. ಅವನ ಬಾಗಿಲಲ್ಲಿ ಯಾರೋ ನಿಂತಿದ್ದ. ಅವನದೇ ಸಮವಸ್ತ್ರ. ಅವನದೇ ಟೋಪಿ. ಪಕ್ಕದ ಬೋಗಿಯ ಕಿಟಕಿಯಲ್ಲಿ ಹೆಂಡತಿ. ಅವಳು ಇಳಿದೇ ಇರಲಿಲ್ಲ.

ಗಂಟಲು ಹರಿಯುವಂತೆ ಕೂಗಿದ. ದನಿ ಹೊರಡಲಿಲ್ಲ. ಎರಡೂ ಕೈ ಬೀಸಿದ. ಅವಳು ಅವನತ್ತಲೇ ನೋಡಿದಳು, ಖಾಲಿ ಜಾಗವನ್ನು ನೋಡಿದ ಹಾಗೆ. ಆಮೇಲೆ ಗಾರ್ಡಿನ ಬಾಗಿಲ ಕಡೆ ಕತ್ತು ಹೊರಳಿಸಿದಳು.

"ಯಾರೂ ಹತ್ತಲಿಲ್ಲ ಅಲ್ವೇನ್ರೀ?"

"ಇಲ್ಲ ಕಣೇ," ಎಂದಿತು ಅವನದೇ ದನಿ. "ನೀನು ಒಳಗೆ ಕೂತ್ಕೋ. ಥಂಡಿ ಗಾಳಿ, ಮಗುವಿಗೆ ಆಗಲ್ಲ."