ಸತ್ತ ಜೀವಾಣುಗಳ ಸಾಕ್ಷಿ

ಕಾರ್ಖಾನೆಯ ವಸತಿಯಲ್ಲಿ ಮೂವತ್ತು ಜನ ವಾಂತಿಭೇದಿಯಿಂದ ಮಲಗಿದ್ದರು. ಹನ್ನೊಂದನೇ ಮನೆಯ ಅಜ್ಜಿ ಮಂಗಳವಾರ ಬೆಳಿಗ್ಗೆ ತೀರಿಕೊಂಡರು. ಎಲ್ಲರೂ ಕುಡಿಯುತ್ತಿದ್ದುದು ಒಂದೇ ಬಾವಿಯ ನೀರು. ಪ್ರಯೋಗಾಲಯ ಮಾತ್ರ ಮೂರು ಸಲವೂ ನೀರು ಶುದ್ಧ ಎಂದೇ ಬರೆದಿತ್ತು.

ಇನ್ಸ್‌ಪೆಕ್ಟರ್ ಪ್ರಯೋಗಾಲಯಕ್ಕೆ ಬಂದಾಗ ಮಧ್ಯಾಹ್ನದ ಬಿಸಿಲು ಗಾಜಿನ ತಟ್ಟೆಗಳ ಮೇಲೆ ತೂಕಡಿಸುತ್ತಿತ್ತು. ಯಂತ್ರಗಳು ಜೋಗುಳದ ಹಾಗೆ ಗುಂಯ್‌ಗುಡುತ್ತಿದ್ದವು. ಪರೀಕ್ಷಕಿ ಅವಳ ಸ್ವಂತ ಅಕ್ಕ.

"ಅಕ್ಕಾ, ನಿನ್ನ ಪರೀಕ್ಷೆ ತಪ್ಪಿರಬಹುದಾ?"

"ನನಗೂ ಅದೇ ಅನುಮಾನ ಕಣೆ. ಮೂರನೇ ಬಾಟಲಿ ನೀರನ್ನ ಇನ್ನೊಂದು ವಿಧಾನದಲ್ಲೂ ನೋಡಿದೆ."

ಅಕ್ಕ ಒಂದು ತಟ್ಟೆ ಎತ್ತಿ ಹಿಡಿದಳು. "ಇದು ಬೆಳೆಸೋ ವಿಧಾನ. ನೀರನ್ನ ತೆಳು ಹಾಳೆಯಲ್ಲಿ ಸೋಸಿ, ಆ ಹಾಳೆಗೆ ಆಹಾರ ಕೊಟ್ಟು ಬೆಚ್ಚಗಿಡ್ತೀವಿ. ಬ್ಯಾಕ್ಟೀರಿಯಾ ಇದ್ರೆ ಮರುದಿನ ಚುಕ್ಕೆಚುಕ್ಕೆಯಾಗಿ ಕಾಣುತ್ತೆ. ಒಂದೂ ಇಲ್ಲ. ಈಗ ಇಲ್ಲಿ ನೋಡು, ಡಿಎನ್ಎ ಪರೀಕ್ಷೆ."

ಪರದೆಯ ಮೇಲೆ ಗೆರೆಯೊಂದು ಮಂಜಿನೊಳಗಿನ ಗುಡ್ಡದಂತೆ ಮೆಲ್ಲಗೆ ಮೇಲೆದ್ದಿತ್ತು.

"ಗೆರೆ ಏರಿದ್ರೆ ಬ್ಯಾಕ್ಟೀರಿಯಾ ಇವೆ ಅಂತ. ಬೇಕಾದಷ್ಟಿವೆ," ಅಂದಳು ಅಕ್ಕ.

"ಯಾವುದು ಸುಳ್ಳು?"

"ಎರಡೂ ನಿಜ. ಬೆಳೆಯೋಕೆ ಜೀವ ಬೇಕು. ಡಿಎನ್ಎಗೆ ಹೆಣವಾದ್ರೂ ಸಾಕು."

ಇನ್ಸ್‌ಪೆಕ್ಟರ್ ಖಾಲಿ ತಟ್ಟೆಯನ್ನು ಪರದೆಯ ಪಕ್ಕ ಹಿಡಿದಳು. "ಅಂದ್ರೆ ಯಾರೋ ಅವನ್ನ ಕೊಂದಿದ್ದಾರೆ."

"ಹೌದು. ಆದ್ರೆ ಕ್ರಿಮಿ ಕೊಲ್ಲೋ ಕ್ಲೋರಿನ್ ಬಾವಿಗೆ ಹಾಕಲ್ಲ. ಬಾಟಲಿಯಲ್ಲೂ ಅದರ ಸುಳಿವಿಲ್ಲ."

* * *

ಇನ್ಸ್‌ಪೆಕ್ಟರ್ ತಾನೇ ಬಾವಿಯಿಂದ ನೀರು ತಂದಳು. ಮರುದಿನ ತಟ್ಟೆಯ ತುಂಬ ನೀಲಿ ಚುಕ್ಕೆಗಳು, ನಕ್ಷತ್ರ ಚೆಲ್ಲಿದ ಹಾಗೆ. ಚಂದವಿತ್ತು. ಅದೇ ಅವಳಿಗೆ ಹೆದರಿಕೆ ತಂದದ್ದು.

ಹಾಗಾದರೆ ಮೋಸ ನಡೆದದ್ದು ಬಾವಿಗೂ ಪ್ರಯೋಗಾಲಯಕ್ಕೂ ನಡುವೆ. ಬಾಟಲಿ ತರುವ ವ್ಯಾನ್ ಪ್ರತಿಸಲವೂ ಒಂದು ಗಂಟೆ ತಡ. ಅನುಮಾನ ಡ್ರೈವರನ ಮೇಲೆ ಹೋಯಿತು.

"ದಾರೀಲಿ ಎಲ್ಲಿ ನಿಲ್ತಿದ್ರಿ?"

"ಎಲ್ಲೂ ಇಲ್ಲ ಮೇಡಂ! ವಸತಿಯ ಮೇಲ್ವಿಚಾರಕರೇ ಲೇಟು. ನೀರು ತುಂಬ್ಕೊಂಡು ಮನೆಗೆ ಹೋಗಿ, ಅಲ್ಲೇ ಸೀಲ್ ಹಾಕಿ ತರ್ತಾರೆ. ಒಂದ್ಸಲ ಬಾಟಲಿ ಬೆಚ್ಚಗಿತ್ತು. ಬಿಸಿಲಿಗಿರಬೇಕು ಅಂದ್ಕೊಂಡು ಐಸ್ ಪೆಟ್ಟಿಗೇಲಿಟ್ಟೆ."

* * *

ಮೇಲ್ವಿಚಾರಕನ ಮನೆ ಹನ್ನೆರಡನೆಯದು. ಅಜ್ಜಿಯ ಮನೆಗೂ ಅದಕ್ಕೂ ಒಂದೇ ಗೋಡೆ.

"ಪ್ರಯೋಗಾಲಯಕ್ಕೆ ಬಂದಾಗ ಬಾಟಲಿಯ ಸೀಲ್ ಒಡೆದಿರಲಿಲ್ಲ. ಆದ್ದರಿಂದ ಡ್ರೈವರ್ ಅಲ್ಲ," ಅಂದಳು ಇನ್ಸ್‌ಪೆಕ್ಟರ್. "ಕ್ಲೋರಿನ್ ಇಲ್ಲ, ಬಾಟಲಿ ಬೆಚ್ಚಗೆ. ನೀವು ನೀರು ಕುದಿಸಿ, ಆರಿಸಿ ತುಂಬಿದ್ದೀರಿ. ಕುದಿಸಿದ್ರೆ ಬ್ಯಾಕ್ಟೀರಿಯಾ ಸಾಯ್ತವೆ, ಡಿಎನ್ಎ ಗುರುತು ಮಾತ್ರ ಉಳಿಯುತ್ತೆ. ಬಾವಿ ಪಕ್ಕದ ಚರಂಡಿ ಪೈಪ್ ಬೆಳಿಗ್ಗೆ ನಾನೇ ಅಗೆಸಿ ನೋಡಿದೆ. ಒಡೆದು ಎಷ್ಟೋ ತಿಂಗಳಾಗಿದೆ. ನೀವು ನೋಡದೇನೇ 'ಪೈಪ್ ಸರಿಯಿದೆ' ಅಂತ ಸಹಿ ಹಾಕಿದ್ರಿ."

"ಕೆಲಸ ಹೋಗ್ತಿತ್ತು ಮೇಡಂ. ಒಂದು ವಾರದಲ್ಲಿ ಗುಟ್ಟಾಗಿ ರಿಪೇರಿ ಮಾಡ್ಸೋಣ ಅಂತಿದ್ದೆ. ನಾನೂ ಅದೇ ಬಾವಿ ನೀರು ಕುಡಿಯೋನು."

ಅಡುಗೆಮನೆಯ ಬಾಗಿಲಲ್ಲಿ ಅವನ ಹೆಂಡತಿ ನಿಂತಿದ್ದಳು. ಧ್ವನಿ ನಿದ್ದೆಯಲ್ಲಿ ಮಾತಾಡಿದಂತಿತ್ತು.

"ನಮಗೆ ಕಾಯಿಸಿ ಕುಡೀರಿ ಅಂದ್ರಿ. ಪಕ್ಕದ ಮನೆ ಅಜ್ಜಿಗೆ ಹೇಳ್ಬಾರ್ದು ಅಂತ ಯಾಕ್ರೀ ಆಣೆ ಹಾಕಿಸ್ಕೊಂಡ್ರಿ?"

ಅವನು ಗೋಡೆಯ ಕಡೆ ನೋಡಿದ. ಆಚೆ ಮನೆಯಲ್ಲಿ ಯಾರೋ ಅಳುತ್ತಿದ್ದರು.