ನಾನು ಕೊಟ್ಟ ತಪ್ಪು ಸ್ವರ

ಕುಣಿಯಲು ಬರುವವನೇ ನೆಲ ಡೊಂಕು ಎಂದನಂತೆ.

ಗಾದೆ ಹೀಗಿಲ್ಲ, ನನಗೂ ಗೊತ್ತು. ಆದರೆ ಗಾದೆ ಕಟ್ಟಿದವರಿಗೆ ಲಿನ್‌ವುಡ್ ಪರ್ನೆಲ್ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದ. ಆದ್ದರಿಂದ ಗಾದೆಯ ಕಿವಿ ಹಿಂಡುವ ಹಕ್ಕು ನನಗಿದೆ. ಇನ್ನು ಮುಂದೆ ಹೇಳುವುದೆಲ್ಲ ಅಪ್ಪಟ ನಿಜ. ನಾನು ಊರವರನ್ನೆಲ್ಲ ಅಣಕಿಸಿದವಳು, ಪಾದ್ರಿಯ ದನಿಯಲ್ಲಿ ಫೋನ್ ಮಾಡಿ ಚಿಕ್ಕಮ್ಮನನ್ನು ಎರಡು ಸಲ ಅಳಿಸಿದವಳು, ಎಲ್ಲ ಸರಿ. ಸುಳ್ಳು ಮಾತ್ರ ಹೇಳುವವಳಲ್ಲ.

ಅದು ಅರವತ್ತೈದನೇ ಇಸವಿಯ ಜೂನ್. ಉತ್ತರ ಫಿಲಡೆಲ್ಫಿಯಾದಲ್ಲಿ ಚಿಕ್ಕಮ್ಮ ಯೂಲಾಳ ಬ್ಯೂಟಿ ಪಾರ್ಲರ್. ಸೋಮವಾರ ರಜೆ. ಮರೆತು ಬಂದಿದ್ದ ಕಾಲೇಜು ಪುಸ್ತಕ ತರಲು ಆ ಸೋಮವಾರ ಮಧ್ಯಾಹ್ನ ಹೋದರೆ ಮುಚ್ಚಿದ ಬಾಗಿಲೊಳಗಿಂದ ಹಾಡು ಬರುತ್ತಿತ್ತು.

ಬೀದಿಯಲ್ಲೇ ನಿಂತುಬಿಟ್ಟೆ. ನಾಲ್ಕು ಗಂಡು ದನಿಗಳು. ಒಂದು ನೆಲಮಾಳಿಗೆಯದು, ಎರಡು ನಡುಮನೆಯವು, ಒಂದು ಅಟ್ಟದ್ದು. ನಾಲ್ಕೂ ಸೇರಿ ಒಂದು ಮನೆ ಆಗಿತ್ತು, ಎಲ್ಲ ಕಿಟಕಿಗಳಲ್ಲೂ ದೀಪ ಹಚ್ಚಿದ ಮನೆ.

ಬಾಗಿಲು ತಳ್ಳಿದೆ. ಕೂದಲು ಒಣಗಿಸುವ ನಾಲ್ಕು ಕುರ್ಚಿಗಳಲ್ಲಿ, ನಾಲ್ಕು ಸ್ಟೀಲ್ ಬುಟ್ಟಿಗಳ ಕೆಳಗೆ ತಲೆಯಿಟ್ಟು, ನಾಲ್ಕು ಗಂಡಸರು ಸಾಲಾಗಿ ಕೂತಿದ್ದರು.

"ಏನ್ ಕ್ಲೀವನ್, ಗುಂಗುರು ಸೆಟ್ ಮಾಡಿಸ್ಕೊಳ್ತಿದ್ದೀಯಾ?" ಎಂದೆ.

ಕ್ಲೀವನ್ ನಮ್ಮ ಬೀದಿಯ ಕ್ಷೌರಿಕ. ಆನೆಯಂಥ ಆಳು, ಬಾವಿಯಂಥ ದನಿ. "ನಗ್ಬೇಡ ಡೀಲಿಯಾ. ನಿಮ್ಮ ಚಿಕ್ಕಮ್ಮನೇ ಕೀಲಿ ಕೊಟ್ಟಿದ್ದು. ಇದರೊಳಗೆ ತಲೆ ಇಟ್ರೆ ನಮ್ಮ ದನಿ ನಮಗೇ ಸ್ಪಷ್ಟ ಕೇಳ್ಸತ್ತೆ. ತಪ್ಪಿದ್ರೆ ಇನ್ನೊಬ್ಬನ ಮೇಲೆ ಹಾಕಕ್ಕಾಗಲ್ಲ."

"ಅದೇ ಕಷ್ಟ ಆಗಿರೋದು," ಎಂದರು ಅವನ ಪಕ್ಕದಲ್ಲಿದ್ದ ಅಣ್ಣತಮ್ಮಂದಿರು ಹೋರೇಸ್ ಮತ್ತು ಹಾರ್ವೆ, ಇಬ್ಬರೂ ಒಟ್ಟಿಗೆ.

ನಾಲ್ಕನೆಯವನು ನಿಧಾನವಾಗಿ ಬುಟ್ಟಿಯಿಂದ ತಲೆ ಹೊರತೆಗೆದ. ತೆಳ್ಳಗಿನ ಆಳು, ಲಿನ್‌ವುಡ್ ಪರ್ನೆಲ್. ರೆಪ್ಪೆಗಳು ಮಾತ್ರ ಯಾವುದೋ ಹುಡುಗಿಯ ಪಾಲಿನವು, ವಿಳಾಸ ತಪ್ಪಿ ಇವನಿಗೆ ಬಂದಿದ್ದವು. ನನ್ನನ್ನು ನೋಡಿದ. ಪರ್ಸಿನಿಂದ ಇಣುಕುತ್ತಿದ್ದ, ಚರ್ಚಿನ ಹಾಡುಗಾರರಿಗೆ ನಾನು ಊದಿ ಸ್ವರ ಕೊಡುವ ಶ್ರುತಿಪೀಪಿಯನ್ನು ನೋಡಿದ. ಮತ್ತೆ ನನ್ನನ್ನು ನೋಡಿದ.

"ಮಿಸ್, ನಮಗೆ ಶುರು ಮಾಡೋ ಸ್ವರ ಸಿಗ್ತಿಲ್ಲ. ಸ್ವಲ್ಪ ಕೊಡ್ತೀರಾ?"

ಒಂದು ನಿಮಿಷದ ಹಿಂದೆ ಇದೇ ಬಾಯಿ ಅದೇ ಸ್ವರದಲ್ಲಿ ಬೀದಿಯನ್ನೇ ನಿಲ್ಲಿಸಿತ್ತಲ್ಲ ಎಂದು ನನಗಾಗ ಹೊಳೆಯಲಿಲ್ಲ. ಕಾಲೇಜು ಓದಿದವರಿಗೆ ಇಂಥದ್ದು ತಡವಾಗಿಯೇ ಹೊಳೆಯುತ್ತದೆ.

ಪೀಪಿ ಊದಿದೆ. ಅವನು ತಲೆಯಾಡಿಸಿದ. "ತಗಡಿನಿಂದ ನನಗೆ ಹತ್ತಲ್ಲ. ನೀವೇ ಗುನುಗಿದ್ರೆ..."

ಗುನುಗಿದೆ. ಅವನು ಬಗ್ಗಿ ಕಿವಿಯನ್ನು ನನ್ನ ತುಟಿಯ ಹತ್ತಿರ ತಂದ. ಕಿವಿಯ ಹಿಂದೆ ಎಳ್ಳಿನಷ್ಟು ಮಚ್ಚೆ.

"ಹತ್ತಿತಾ?"

"ಇನ್ನೊಂದ್ಸಲ."

"ಈಗ?"

"ಸ್ವಲ್ಪ ಹತ್ತಿರ ಬಂದ್ಹಂಗಿದೆ."

"ಸ್ವರನಾ, ನೀನಾ?"

ಹೋರೇಸ್, ಹಾರ್ವೆ ಇಬ್ಬರೂ ಬುಟ್ಟಿಯೊಳಗೆ ಕೆಮ್ಮಿದರು. ಬುಟ್ಟಿ ಆ ಕೆಮ್ಮನ್ನು ಎರಡರಷ್ಟು ಮಾಡಿ ಹೊರಗೆ ಕಳಿಸಿತು.

ಹೀಗೆ ನಾನು ಅವರ ಶ್ರುತಿಪೆಟ್ಟಿಗೆಯಾದೆ. ಸೋಮವಾರಗಳ ಗುಂಪಿಗೆ ಚಿಕ್ಕಮ್ಮನೇ ಹೆಸರಿಟ್ಟಳು: ಮಂಡೇ ಜೆಂಟಲ್‌ಮೆನ್. ಸಾಸಿವೆ ಗೊಜ್ಜಿನ ಹಳದಿ ಬಣ್ಣದ ನಾಲ್ಕು ಸೂಟುಗಳನ್ನೂ ಅವಳೇ ಹೊಲಿದಳು. ಮೊದಲ ಸಲ ತೊಟ್ಟುಕೊಂಡು ಬಂದಾಗ, "ಉಪ್ಪಿನ ಪ್ರೆಟ್ಜೆಲ್ ಒಂದು ಕಮ್ಮಿ ನೋಡ್ರಪ್ಪ," ಎಂದೆ. ನಮ್ಮೂರಲ್ಲಿ ಆ ಗಂಟುರೊಟ್ಟಿಯನ್ನು ಸಾಸಿವೆ ಗೊಜ್ಜು ಹಚ್ಚಿಯೇ ತಿನ್ನುವುದು. ಲಿನ್‌ವುಡ್ ಮರುದಿನ ಬೆಚ್ಚಗಿನ ಪ್ರೆಟ್ಜೆಲ್ ತಂದು ನನ್ನ ಕೈಗಿಟ್ಟ. "ಕಮ್ಮಿ ಅಂದಿದ್ರಿ," ಎಂದ, ಮುಖದಲ್ಲಿ ಒಂದು ಗೆರೆಯೂ ಅಲುಗಿಸದೆ.

ಅವರ ಹಾಡನ್ನು ಹೊಗಳಲು ನನಗೆ ಇಂದಿಗೂ ಸಾಕಷ್ಟು ಮಾತಿಲ್ಲ. ಒಂದು ತಿರುವಿಗಾಗಿ ಇಡೀ ಮಧ್ಯಾಹ್ನ ಕಳೆಯುತ್ತಿದ್ದರು. ಹಾರ್ವೆ ತನ್ನ ದನಿ ಮುಂದೆ ಬಂತೆನಿಸಿದರೆ ತಾನೇ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಒಬ್ಬ ಉಸಿರು ತೆಗೆದುಕೊಳ್ಳುವಾಗ ಮೂವರು ಹಿಡಿದಿರಬೇಕು. ಆ ಉಸಿರಿನ ತೂತು ಕೇಳುವವರಿಗೆ ಗೊತ್ತಾಗಬಾರದು. ವಾರವೆಲ್ಲ ಬೇರೆಯವರ ತಲೆ ಬೋಳಿಸಿ ಬರುವ ಕ್ಲೀವನ್, "ಹಾಡಲ್ಲಿ ಮಾತ್ರ ಯಾರ ತಲೇನೂ ಬೋಳಿಸಬಾರದು ಕಣ್ರೋ," ಎನ್ನುತ್ತಿದ್ದ. ಚರ್ಚಿನ ಪಿಕ್‌ನಿಕ್‌ನಲ್ಲಿ ಹಾಡಿದರು, ಸ್ಕೇಟಿಂಗ್ ರಿಂಕ್‌ನಲ್ಲಿ ಹಾಡಿದರು. ಹೈಸ್ಕೂಲಿನ ಡಾನ್ಸ್ ದಿನ ಹುಡುಗಿಯರು ಕಿರುಚಿದ್ದಕ್ಕೆ ಪ್ರಿನ್ಸಿಪಾಲರು ಬೆಂಕಿ ಬಿದ್ದಿದೆಯೆಂದು ಓಡಿ ಬಂದರು. ಎಲ್ಲಿ ಹೋದರೂ ಹಾಡಿಗೆ ಮುಂಚೆ ಅದೇ ಪೂಜೆ. ಲಿನ್‌ವುಡ್ ಬಗ್ಗುತ್ತಿದ್ದ, ನಾನು ಗುನುಗುತ್ತಿದ್ದೆ, ಅವನು "ಇನ್ನೊಂದ್ಸಲ" ಎನ್ನುತ್ತಿದ್ದ.

"ಆ ಹುಡುಗನಿಗೆ ಕಿವಿ ಮಂದವೇನೆ?" ಚಿಕ್ಕಮ್ಮ ಒಂದು ದಿನ ಕೇಳಿದಳು. "ನನ್ನ ಗಂಡ ಇಪ್ಪತ್ತು ವರ್ಷದಲ್ಲಿ ನನಗೆ ಅಷ್ಟು ಕಿವಿ ಕೊಟ್ಟಿರ್ಲಿಲ್ಲ."

ಹದಿನಾಲ್ಕು ತಿಂಗಳು ಅವನು ಕಿವಿ ಕೊಟ್ಟ. ಮಾತು ಮಾತ್ರ ಕೊಡಲಿಲ್ಲ.

ಮುಂದಿನ ವರ್ಷದ ಆಗಸ್ಟ್‌ನಲ್ಲಿ ಎರಡು ಸಂಗತಿ ಒಟ್ಟಿಗೆ ಬಂದವು. ಬ್ರಾಡ್ ಬೀದಿಯ ದೊಡ್ಡ ಥಿಯೇಟರಿನ ಶನಿವಾರ ಮಧ್ಯಾಹ್ನದ ಸ್ಪರ್ಧೆಗೆ ಮಂಡೇ ಜೆಂಟಲ್‌ಮೆನ್ ಆಯ್ಕೆಯಾದರು. ಗೆದ್ದವರ ಹಾಡು ರೆಕಾರ್ಡ್ ಆಗುತ್ತಿತ್ತು. ಅದೇ ವಾರ ದೂರದ ಡರಮ್‌ನಿಂದ ನನಗೆ ಟೀಚರ್ ಕೆಲಸದ ಕಾಗದ ಬಂತು. ಉತ್ತರವನ್ನು ಶನಿವಾರ ಸಂಜೆಯ ಅಂಚೆಗೆ ಹಾಕಬೇಕಿತ್ತು.

ಸೋಮವಾರ ಪಾರ್ಲರಿನಲ್ಲಿ ಸುದ್ದಿ ಹೇಳಿದೆ. ಕ್ಲೀವನ್ ನನ್ನನ್ನು ಎತ್ತಿ ತಿರುಗಿಸಿದ. ಲಿನ್‌ವುಡ್ ಬುಟ್ಟಿಯ ಅಂಚನ್ನು ಒರೆಸುತ್ತ ನಿಂತಿದ್ದ.

"ಡರಮ್ ದೂರ ಅಲ್ವಾ?"

"ಬಸ್ಸಲ್ಲಿ ಒಂದು ಹಗಲು."

"ಹಾಗಾದ್ರೆ ನನಗೆ ಸ್ವರ ಕೊಡೋರು ಯಾರು?"

ಅಷ್ಟೇ! ಎದೆಗೆ ಚುಚ್ಚಿತು. ಇವನಿಗೆ ನಾನು ಹುಡುಗಿಯೋ, ಪೀಪಿಯೋ? ಪೀಪಿಯಾದರೆ ಅಂಗಡಿಯಲ್ಲಿ ಸಿಗುತ್ತದೆ, ನಾನು ಬಸ್ ಹತ್ತುತ್ತೇನೆ ಎಂದುಕೊಂಡೆ.

ಲಿನ್‌ವುಡ್ ಸೋಮವಾರ ಬಿಟ್ಟು ಉಳಿದ ದಿನ ಹಗಲು ಒಂದು ದೊಡ್ಡ ಬಟ್ಟೆ ಅಂಗಡಿಯಲ್ಲಿ ಲಿಫ್ಟ್ ನಡೆಸುತ್ತಿದ್ದ. ಬಿಳಿ ಕೈಗವಸು, ಹಿತ್ತಾಳೆಯ ಹಿಡಿಕೆ. ಎಲ್ಲರನ್ನೂ ಮೇಲಕ್ಕೇರಿಸಿ, ತಾನು ಮಾತ್ರ ಸಂಜೆ ನೆಲಮಟ್ಟದಲ್ಲೇ ಇಳಿಯುವ ಕೆಲಸ. "ಮೇಲಕ್ಕೆ ಹೋಗ್ತಿದೆ. ದಯವಿಟ್ಟು ಬಾಗಿಲಿಂದ ದೂರ ನಿಲ್ಲಿ. ಮೂರನೇ ಮಹಡಿ, ಹೆಂಗಸರ ಟೋಪಿ, ಕೈಗವಸು." ಆ ಸಪಾಟು ದನಿಯನ್ನು ನಾನು ಅಣಕಿಸಿದರೆ ಅವನೇ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ.

ಬುಧವಾರ ಅಲ್ಲಿಗೆ ಕೈಗವಸು ಕೊಳ್ಳಲು ಹೋದೆ. (ಸುಳ್ಳು ಹೇಳುವವಳಲ್ಲ ಎಂದೆನಲ್ಲ, ಅವನನ್ನು ನೋಡಲೇ ಹೋದೆ.) ಲಿಫ್ಟಿನಲ್ಲಿ ನನ್ನ ಮುಂದೆ ಒಬ್ಬ ಹೆಂಗಸಿನ ಹೂದೋಟದಂಥ ಟೋಪಿ. ಹಿಂದಿದ್ದ ನಾನು ಅವನಿಗೆ ಕಾಣಲಿಲ್ಲ. ಮೂರನೇ ಮಹಡಿಯಲ್ಲಿ ಲಿಫ್ಟಿನ ಗಂಟೆ ಬಡಿಯಿತು. ಪಕ್ಕದ ಲಿಫ್ಟಿನ ಮುದುಕ ಟಾಲಿವರ್ ಬಾಗಿಲು ತೆರೆದು ನಿಂತಿದ್ದ.

"ಮಿಸ್ಟರ್ ಟಾಲಿವರ್, ನಿಮ್ಮ ಗಂಟೆಯ ಸ್ವರ ನಿನ್ನೆಯಿಂದ ಕೂದಲೆಳೆಯಷ್ಟು ಇಳಿದಿದೆ," ಎಂದ ಲಿನ್‌ವುಡ್. "ನನ್ನದು ಸರಿಯಾಗಿದೆ. ನಮ್ಮ ಹಾಡು ಶುರುವಾಗೋದೇ ಈ ಸ್ವರದಲ್ಲಿ."

"ಹೋಗೋ, ಗಂಟೆ ಅಂದ್ರೆ ಗಂಟೆ. ನಿಂಗೇನ್ ಗೊತ್ತಾಗತ್ತೆ?"

"ಗೊತ್ತಾಗತ್ತೆ. ಹುಟ್ಟಿದಾಗಿನಿಂದ. ಏನ್ಮಾಡ್ಲಿ?"

ಮತ್ತೆ ಹಾಡಿನ ಮೊದಲ ಸ್ವರವನ್ನು ಸುಮ್ಮನೆ ಗುನುಗಿದ. ನಾನು ಟೋಪಿಯ ಮರೆಯಲ್ಲೇ ಇಳಿದು, ಮೆಟ್ಟಿಲ ಬಳಿ ಓಡಿ, ಪೀಪಿ ಊದಿ ನೋಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ!

ಹದಿನಾಲ್ಕು ತಿಂಗಳ ಕಳ್ಳ! ನನಗೆ ಸಿಟ್ಟು ಬರಬೇಕಿತ್ತು. ಕೈಗವಸಿನ ಮಹಡಿಯಲ್ಲಿ ನಿಂತು ಒಬ್ಬಳೇ ನಕ್ಕೆ. ಅಂಗಡಿಯ ಹುಡುಗಿ ನೀರು ತಂದುಕೊಟ್ಟಳು.

ಆದರೂ ಒಂದು ಸಂಶಯ ಉಳಿಯಿತು. ಇದು ಪ್ರೀತಿಯೋ, ಬರೀ ತಮಾಷೆಯೋ? ಬಾಯಿಬಿಟ್ಟು ಕೇಳುವ ಜಾತಿ ನನ್ನದಲ್ಲ. ಸಿಕ್ಕಿಹಾಕಿಸುವ ಜಾತಿ. ಶನಿವಾರ ಬೇಕೆಂದೇ ತಪ್ಪು ಸ್ವರ ಕೊಡುತ್ತೇನೆ. ಕಳ್ಳ ತನ್ನ ಸರಿಯಾದ ಸ್ವರದಲ್ಲೇ ಶುರು ಮಾಡುತ್ತಾನೆ. ಹಾಡಿಗೇನೂ ತೊಂದರೆಯಿಲ್ಲ. ಇಳಿದು ಬಂದಾಗ, "ಏನಪ್ಪಾ, ನಾನು ಕೊಟ್ಟಿದ್ದು ಅದಲ್ಲವಲ್ಲ?" ಎಂದರಾಯಿತು. ಆಗ ನಿಜ ಹೇಳಲೇಬೇಕು.

ಎಂಥ ಭದ್ರವಾದ ಉಪಾಯ!

ಶನಿವಾರ. ಪರದೆಯ ಪಕ್ಕದ ಕತ್ತಲಲ್ಲಿ ನಾಲ್ಕು ಸಾಸಿವೆ ಸೂಟುಗಳು. ಕ್ಲೀವನ್ ತುಟಿಯಲ್ಲಿ ಪ್ರಾರ್ಥನೆ ಅಲುಗುತ್ತಿತ್ತು. ಹೋರೇಸ್ ಹಾರ್ವೆಯ ಟೈ ಸರಿಮಾಡಿದ, ಹಾರ್ವೆ ಹೋರೇಸನದು. ಮೊದಲ ಸಾಲು ಲಿನ್‌ವುಡ್ ಒಬ್ಬನದೇ. ಎರಡನೆಯದಕ್ಕೆ ಉಳಿದವರು ಅವನಿಂದಲೇ ಶ್ರುತಿ ಹಿಡಿಯಬೇಕು. ವಾದ್ಯಗಳು ಆಮೇಲೆ.

ಲಿನ್‌ವುಡ್ ಬಗ್ಗಿದ. ಎಳ್ಳಿನ ಮಚ್ಚೆ ಹತ್ತಿರ ಬಂತು. ನಾನು ಗುನುಗಿದೆ, ಸರಿಯಾದ್ದಕ್ಕಿಂತ ಪಿಯಾನೋದಲ್ಲಿ ಐದು ಮನೆ ಮೇಲಿನ ಸ್ವರ.

ಅವನ ರೆಪ್ಪೆಗಳು ಮೆಲ್ಲಗೆ ಮೇಲೆದ್ದವು. ಕಣ್ಣು ನನ್ನ ಕಣ್ಣಿಗೆ ಬಂತು, ತುಟಿಗೆ ಇಳಿಯಿತು, ನನ್ನ ಪರ್ಸಿನಲ್ಲಿದ್ದ ಡರಮ್ ಲಕೋಟೆಯ ಮೂಲೆಗೆ ಹೋಯಿತು, ಮತ್ತೆ ಕಣ್ಣಿಗೇ ಬಂದು ನಿಂತಿತು.

"ಹತ್ತಿತು," ಎಂದ.

ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ "ಇನ್ನೊಂದ್ಸಲ" ಅನ್ನಲಿಲ್ಲ.

ಬೆಳಕಿಗೆ ನಡೆದ. ಮೈಕಿನ ಮುಂದೆ ನಿಂತ. ಬಾಯಿ ತೆರೆದ.

ನನ್ನ ಸ್ವರ!

ಅಯ್ಯೋ ದೇವರೇ, ಈ ಮೂರ್ಖ ಅದನ್ನೇ ಹಿಡಿದ! ಕ್ಲೀವನ್‌ನ ಹುಬ್ಬು ಕೂದಲಿಗೆ ತಾಗಿತು. ಇವರ ರೆಕಾರ್ಡು, ಇವರ ಹದಿನಾಲ್ಕು ತಿಂಗಳು, ಚಿಕ್ಕಮ್ಮನ ಸೂಟುಗಳು, ಎಲ್ಲವನ್ನೂ ನಾನೊಬ್ಬಳು ಮುಳುಗಿಸಿದ್ದೆ.

"ನಿನ್ನ ಮನೆ ಮೆಟ್ಟಿಲಲ್ಲಿ ಕೂತು ಬೇಸಿಗೆ ಕಳೆದೆ..."

ಸಾಲಿನ ತುದಿ ಎಂದೂ ಹೋಗದ ಎತ್ತರಕ್ಕೆ ಹೋಗಬೇಕಿತ್ತು. ಲಿನ್‌ವುಡ್ ಅಲ್ಲಿ ಎದೆಯ ದನಿಯನ್ನು ಕೈಬಿಟ್ಟ. ಅದರ ಮೇಲೆ ಇನ್ನೊಂದು ದನಿ ಎದ್ದಿತು. ತೆಳ್ಳಗಿನ ಬೆಳ್ಳಿ, ನಡುಗುತ್ತಿತ್ತು, ಆದರೆ ಬೀಳಲಿಲ್ಲ.

"...ಒಳಗೆ ಬಾ ಅನ್ನು, ಇಲ್ಲಾ ಹೋಗು ಅನ್ನು."

ಬಾಲ್ಕನಿಯಲ್ಲಿ ಒಬ್ಬ ಹೆಂಗಸು ಎದ್ದು ನಿಂತಳು. "ಹೇಳು ಕಂದಾ, ಹೇಳು!"

ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ನೋಡದೆ ಮೇಲಕ್ಕೆ ಹತ್ತಿದರು. ಕ್ಲೀವನ್ ಮಾತ್ರ ಇನ್ನೂ ಕೆಳಕ್ಕೆ ಇಳಿದ. ಅಟ್ಟಕ್ಕೂ ನೆಲಮಾಳಿಗೆಗೂ ನಡುವೆ ಎಷ್ಟು ಜಾಗ ತೆರೆಯಿತೆಂದರೆ ಇಡೀ ಥಿಯೇಟರು ಅದರೊಳಗೆ ಬಂದು ಕೂತಿತು. ಪಿಯಾನೋದವನು ನಗುತ್ತ ಹೊಸ ಸ್ವರದ ಮನೆ ಹುಡುಕಿಕೊಂಡ. ಕೊನೆಯ ಸಾಲಿಗೆ ಜನ ಕುರ್ಚಿಯ ಮೇಲಿದ್ದರು. ನಾನು ಪರದೆ ಹಿಡಿದು ಅಳುತ್ತಿದ್ದೆ, ಮೂಗೊರೆಸಲು ಡರಮ್‌ನ ಲಕೋಟೆ ಬಿಟ್ಟು ಬೇರೇನೂ ಇರಲಿಲ್ಲ.

ಗೆದ್ದರು. ಕೂಗಾಟದ ನಡುವೆ ಲಿನ್‌ವುಡ್ ನನ್ನ ಮೊಣಕೈ ಹಿಡಿದು ಹಿಂದಿನ ಮೆಟ್ಟಿಲ ಹತ್ತಿರ ಕರೆತಂದ.

"ತಪ್ಪು ಅಂತ ಗೊತ್ತಿತ್ತಾ?" ಎಂದೆ.

"ನೀನು ಬಾಯಿ ಮುಚ್ಚೋಕೆ ಮುಂಚೆ."

"ಗಂಟೆ ವಿಷ್ಯ ನಂಗೂ ಗೊತ್ತಾಗಿದೆ. ಬುಧವಾರ ನಿನ್ನ ಲಿಫ್ಟಲ್ಲಿ ನಾನಿದ್ದೆ."

ಅವನ ಮುಖ ಕೆಂಪೋ ಕಪ್ಪೋ ಆ ಬೆಳಕಲ್ಲಿ ತಿಳಿಯಲಿಲ್ಲ. ರೆಪ್ಪೆಗಳು ಮಾತ್ರ ಇಳಿದವು.

"ಮತ್ತೆ ಯಾಕೆ ಸರಿಯಾದದ್ದು ಹಾಡ್ಲಿಲ್ಲ? ಸೋತಿದ್ರೆ?"

"ಹದಿನಾಲ್ಕು ತಿಂಗಳು ನೀನು ಕೊಟ್ಟಿದ್ದೆಲ್ಲ ತಗೊಂಡೆ, ಡೀಲಿಯಾ. ಒಂದು ದಿನ ತಪ್ಪಾಗಿ ಕೊಟ್ಟೆ ಅಂತ ವಾಪಸ್ ಮಾಡಕ್ಕಾಗತ್ತಾ? ಅಷ್ಟು ಜನರ ಮುಂದೆ?"

ಲಕೋಟೆ ತೋರಿಸಿದೆ.

"ಏನಂತ ಬರೆದಿದ್ದೀಯ?" ದನಿ ಸಣ್ಣದಾಗಿತ್ತು.

"ಇನ್ನೂ ಬರೆದಿಲ್ಲ. ಶುರು ಮಾಡೋ ಸ್ವರ ಸಿಗ್ತಿಲ್ಲ. ಸ್ವಲ್ಪ ಕೊಡ್ತೀರಾ?"

ಈ ಸಲ ಕಿವಿ ನನ್ನದು, ತುಟಿ ಅವನದು.

"ಹೋಗ್ಬೇಡ," ಎಂದ. "ನಾನು ನಿನ್ನನ್ನ ಪ್ರೀತಿಸ್ತೀನಿ. ಫಿಲಡೆಲ್ಫಿಯಾದಲ್ಲೂ ಮಕ್ಕಳಿದ್ದಾರೆ. ಅವಕ್ಕೂ ಮಗ್ಗಿ ಬರಲ್ಲ."

"ಇನ್ನೊಂದ್ಸಲ," ಎಂದೆ.

ಹೇಳಿದ.

"ಸ್ವಲ್ಪ ಹತ್ತಿರ ಬಂದ್ಹಂಗಿದೆ."

ಇನ್ನೂ ಹತ್ತಿರ ಬರುವಷ್ಟರಲ್ಲಿ ಮೂವರು ಜೆಂಟಲ್‌ಮೆನ್ನೂ ಒಬ್ಬ ಚುಟ್ಟಾ ಕಚ್ಚಿದ ಗಿಡ್ಡ ಮನುಷ್ಯನೂ ಮೆಟ್ಟಿಲ ಮೇಲೆ ಧುಮುಕಿದರು. ರೆಕಾರ್ಡಿನವನು.

"ಹುಡುಗ್ರಾ, ಆ ಎತ್ತರ ಹಂಗೇ ಇರ್ಲಿ. ರೆಕಾರ್ಡಲ್ಲೂ ಅದೇ, ಇನ್ಮೇಲೆ ಪ್ರತಿ ಶೋನಲ್ಲೂ ಅದೇ. ಅದು ಬಿಟ್ರೆ ಜನ ಕಾಸು ವಾಪಸ್ ಕೇಳ್ತಾರೆ. ಯಾರ ಐಡಿಯಾ ಅದು?"

ಮೂವರೂ ಲಿನ್‌ವುಡ್‌ನನ್ನು ನೋಡಿದರು. ಲಿನ್‌ವುಡ್ ನನ್ನನ್ನು ನೋಡಿದ. ನಾನು ಬಿಳಿ ಕೈಗವಸು ತೊಟ್ಟವಳಂತೆ ಕೈಚಾಚಿ, ಅವನದೇ ಸಪಾಟು ದನಿಯಲ್ಲಿ ಹೇಳಿದೆ: "ಮೇಲಕ್ಕೆ ಹೋಗ್ತಿದೆ. ದಯವಿಟ್ಟು ಬಾಗಿಲಿಂದ ದೂರ ನಿಲ್ಲಿ."

ಕ್ಲೀವನ್‌ಗೆ ಅರ್ಥವಾಗಲು ಎರಡು ಕ್ಷಣ ಬೇಕಾಯಿತು. "ನೀನಾ? ಬೇಕಂತಲೇ? ಅಯ್ಯೋ ಲಿನ್, ಸತ್ತ್ಯಲ್ಲೋ! ಪ್ರತಿ ಶೋನಲ್ಲೂ ಅಷ್ಟೆತ್ತರ! ಅರವತ್ತಾದ್ಮೇಲೂ, ಹಲ್ ಸೆಟ್ ಹಾಕ್ಕೊಂಡು!"

ಹೋರೇಸ್ ಹಾರ್ವೆಯ ಹೆಗಲ ಮೇಲೆ ಬಿದ್ದು ನಕ್ಕ. ಕ್ಲೀವನ್ ಕೈಕಂಬಿ ಅಲ್ಲಾಡುವಂತೆ ನಕ್ಕ. ರೆಕಾರ್ಡಿನವನು ಏನೂ ತಿಳಿಯದೆ ಚುಟ್ಟಾ ಬೀಳಿಸಿಕೊಂಡು ನಕ್ಕ. ಅವರೆಲ್ಲರ ದನಿಯನ್ನೂ ದಾಟಿ, ನನ್ನ ಕೈಯನ್ನು ಬಿಡದೆ, ಮೆಟ್ಟಿಲ ಮೇಲೆ ಕುಸಿದು ಕೂತು, ಅದೇ ಬೆಳ್ಳಿಯ ಎತ್ತರದಲ್ಲಿ ಲಿನ್‌ವುಡ್ ಪರ್ನೆಲ್ ನಕ್ಕ.